ಚಿಕ್ಕಪ್ಪನ ರೋಡ್‌ಕಿಂಗ್ ಮತ್ತು ಅಗ್ಗದ ಹ್ಯಾಂಡಲ್‌ಗಳ ಕಥೆ

ನಾನು ಹೈಸ್ಕೂಲಿನಲ್ಲಿದ್ದಾಗಿನ ಮಾತು. ಚಿಕ್ಕಪ್ಪನ ಯೆಜ್ಡಿ ರೋಡ್‌ಕಿಂಗ್ ಹಿಂದೆ ಕೂತು ನಂಜನಗೂಡಿನಿಂದ ಊರಿಗೆ ಬರುತ್ತಿದ್ದೆ. ಎಮ್ಮೆಯೊಂದು ಅಡ್ಡ ಬಂತು. ಚಿಕ್ಕಪ್ಪ ಜೋರಾಗಿ ಬ್ರೇಕ್ ಹಿಡಿದರು. ಅವರ ಮೈಭಾರವೆಲ್ಲ ಕೈಗೆ ಬಿದ್ದದ್ದೇ ತಡ, ಹ್ಯಾಂಡಲ್ ಕ್ಲ್ಯಾಂಪಿನೊಳಗೇ ತಿರುಗಿ ಮುಂದಕ್ಕೆ ಮಗುಚಿತು. ಇಬ್ಬರೂ ಗದ್ದೆಗೆ ಬಿದ್ದೆವು. ನನಗೆ ಮೊಣಕೈ ತರಚಿತು. ಅವರ ಭುಜದ ಮೂಳೆ ಮುರಿಯಿತು. ಆ ವರ್ಷದ ನಾಟಿ ಕೆಲಸವನ್ನು ಅವರು ಬದುವಿನ ಮೇಲೆ ನಿಂತು ನೋಡಿದರು, ಅಷ್ಟೆ.

ಆ ಹ್ಯಾಂಡಲ್ ಹಾಕಿಸಿ ಎರಡು ತಿಂಗಳೂ ಆಗಿರಲಿಲ್ಲ. ಹಳೆಯದು ಬಾಗಿತ್ತೆಂದು ಬದಲಿಸಿದ್ದರು. ಸ್ಪೇರ್ ಅಂಗಡಿಯವನು ಹೇಳಿದ್ದು ನನಗಿನ್ನೂ ನೆನಪಿದೆ: "ಫ್ಯಾಕ್ಟರಿನೇ ಮುಚ್ಚೋಯ್ತಲ್ಲಣ್ಣ, ಒರಿಜಿನಲ್ ಎಲ್ಲಿಂದ ತರ್ಲಿ? ಇದನ್ನೇ ಹಾಕಿಸ್ಕೊಳಿ, ನೋಡೋಕೆ ಒಂದೇ ಥರ ಇದೆ."

ಅವನು ಹೇಳಿದ ಎರಡು ಮಾತೂ ನಿಜ. ಅಪಾಯ ಇದ್ದದ್ದೂ ಆ ಎರಡು ಮಾತಿನಲ್ಲೇ.

ಮೊದಲು ಫ್ಯಾಕ್ಟರಿಯ ವಿಷಯ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು, ಜಯಚಾಮರಾಜ ಒಡೆಯರ್ ಅವರ ಬೆಂಬಲದೊಂದಿಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. 1961ರಲ್ಲಿ ಅಲ್ಲಿ ಬೈಕ್ ತಯಾರಿಕೆ ಆರಂಭವಾಯಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮೇಷ್ಟ್ರು, ರೇಷ್ಮೆ ವ್ಯಾಪಾರಿ, ಕಂಟ್ರಾಕ್ಟರ್ ಎಲ್ಲರ ಮನೆ ಮುಂದೆಯೂ ಈ ಗಾಡಿ ಕಾಣುತ್ತಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಓಡುತ್ತಲೇ ಇದ್ದವು. ಓಡುವ ಗಾಡಿಗೆ ಸ್ಪೇರ್ ಬೇಕಲ್ಲ? ಆ ಜಾಗವನ್ನು ತುಂಬಿದ್ದು ಹೆಸರಿಲ್ಲದ ಲೋಕಲ್ ಮಾಲು. ಬೇರೆ ಭಾಗವಾದರೆ ಗಾಡಿ ಕೆಟ್ಟು ನಿಲ್ಲುತ್ತದೆ. ಹ್ಯಾಂಡಲ್ ಹಾಗಲ್ಲ, ಅದು ಕೈಕೊಡುವುದು ಗಾಡಿ ಓಡುವಾಗಲೇ.

ಇನ್ನು 'ನೋಡೋಕೆ ಒಂದೇ ಥರ' ಎನ್ನುವ ಮಾತು. ಲೋಹದ ವಿಷಯದಲ್ಲಿ ಕಣ್ಣನ್ನು ನಂಬಬಾರದು ಎಂಬ ಪಾಠವನ್ನು ಜಗತ್ತು ಬಹಳ ದುಬಾರಿ ಬೆಲೆ ಕೊಟ್ಟು ಕಲಿತಿದೆ. 1842ರ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು ಓಡುತ್ತಿರುವಾಗಲೇ ತುಂಡಾಯಿತು. ಬೋಗಿಗಳು ಒಂದರ ಮೇಲೊಂದು ಬಿದ್ದು ಬೆಂಕಿ ಹತ್ತಿ 50ಕ್ಕೂ ಹೆಚ್ಚು ಜನ ಸತ್ತರು. ಆಗಿನ ಕಾಲದಲ್ಲಿ ಹೀಗೆ ಅಚ್ಚು ಮುರಿಯುವುದು ರೈಲಿನವರಿಗೆಲ್ಲ ತಲೆನೋವಾಗಿತ್ತು. ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ವರ್ಷಗಟ್ಟಲೆ ಪ್ರಯೋಗ ಮಾಡಿ ಕಾರಣ ತೋರಿಸಿದ. ಒಂದೇ ಸಲಕ್ಕೆ ಸುಲಭವಾಗಿ ತಡೆಯುವಷ್ಟು ಭಾರವೇ ಆದರೂ, ಅದು ಲಕ್ಷಗಟ್ಟಲೆ ಸಲ ಬಿದ್ದರೆ ಲೋಹ ದಣಿಯುತ್ತದೆ. ಕೂದಲೆಳೆಯಂಥ ಬಿರುಕು ಹುಟ್ಟಿ, ಬೆಳೆದು, ಒಂದು ದಿನ ಪಟ್ಟನೆ ತುಂಡಾಗುತ್ತದೆ.

ಬೈಕಿನ ಹ್ಯಾಂಡಲ್‌ಗೂ ಇದೇ ಲೆಕ್ಕ. ಅದು ಸೈಕಲ್ಲಿನಿಂದ ಬಂದ ಬಳುವಳಿ. ಆದರೆ ಎಂಜಿನ್ನಿನ ನಡುಕ, ಹಳ್ಳಿ ರಸ್ತೆಯ ಗುಂಡಿ, ಹಂಪ್‌, ಬ್ರೇಕ್ ಹಿಡಿದಾಗ ಬೀಳುವ ಮೈಭಾರ, ಜೊತೆಗೆ ನಾವು ತೂಗುಹಾಕುವ ಚೀಲ, ಇವೆಲ್ಲದರ ಒತ್ತಡ ಹೋಗಿ ಸೇರುವುದು ಕ್ಲ್ಯಾಂಪ್ ಇರುವ ನಡುಭಾಗಕ್ಕೆ. ಸಾಮಾನ್ಯ ಬೈಕಿನ ಹ್ಯಾಂಡಲ್ ಪೈಪು ಸುಮಾರು 22 ಮಿ.ಮೀ. ದಪ್ಪ. ಕ್ಲ್ಯಾಂಪ್ ಹಿಡಿಯುವ ಕಡೆ ಜಾರದಿರಲೆಂದು ಒರಟು ಗೀರು ಕೊರೆದಿರುತ್ತಾರೆ. ಅಗ್ಗದ ಮಾಲಿನಲ್ಲಿ ಪೈಪಿನ ಗೋಡೆ ತೆಳು, ಗೀರು ಇಲ್ಲವೇ ಇಲ್ಲ ಅಥವಾ ಹೆಸರಿಗಷ್ಟೇ. ದಪ್ಪ ಕೂದಲಷ್ಟು ಕಮ್ಮಿಯಾದರೂ ಬೋಲ್ಟ್ ಎಷ್ಟು ಬಿಗಿದರೂ ಹಿಡಿತ ಸಿಗುವುದಿಲ್ಲ. ಕೆಟ್ಟ ವೆಲ್ಡಿಂಗ್ ಇದ್ದರೆ ಮೇಲಿನ ಕ್ರೋಮ್ ಹೊಳಪು ಮುಚ್ಚಿಬಿಡುತ್ತದೆ. ಚಿಕ್ಕಪ್ಪನದು ಮುರಿಯಲಿಲ್ಲ, ಜಾರಿತು. ಅಲ್ಯೂಮಿನಿಯಂ ಹ್ಯಾಂಡಲ್ ಹಗುರ ನಿಜ, ಆದರೆ ಇಷ್ಟರೊಳಗಿನ ಒತ್ತಡವಾದರೆ ಎಂದೂ ದಣಿಯದು ಎನ್ನುವ ಮಿತಿ ಉಕ್ಕಿಗಿರುವಂತೆ ಅದಕ್ಕಿಲ್ಲ. ಒಳ್ಳೆಯ ತಯಾರಕರು ಅದನ್ನು ಲೆಕ್ಕ ಹಾಕಿ ಮಾಡುತ್ತಾರೆ. ನಕಲು ಮಾಡುವವನು ಆಕಾರವನ್ನಷ್ಟೇ ನಕಲು ಮಾಡುತ್ತಾನೆ.

ಚಿಕ್ಕಪ್ಪ ಹ್ಯಾಂಡಲ್ ಬದಲಿಸಿದ್ದು ಅನಿವಾರ್ಯಕ್ಕೆ. ಈಗಿನ ಹುಡುಗರು ಬದಲಿಸುವುದು ಶೋಕಿಗೆ. ಈ ಶೋಕಿಗೂ ಚರಿತ್ರೆ ಇದೆ. ಅಮೆರಿಕದಲ್ಲಿ ಮೊದಲೇ ಇದ್ದ ಎತ್ತರದ ಹ್ಯಾಂಡಲ್ ಹುಚ್ಚನ್ನು 1969ರ 'ಈಸಿ ರೈಡರ್' ಸಿನಿಮಾ ಊರೂರಿಗೆ ಹಬ್ಬಿಸಿತು. ಅಲ್ಲಿನ ಹಲವು ರಾಜ್ಯಗಳು ಹ್ಯಾಂಡಲ್ ಎತ್ತರಕ್ಕೆ ಕಾನೂನಿನಲ್ಲೇ ಮಿತಿ ಹಾಕಿದವು. ಎತ್ತರದ್ದು ಹಾಕಿ ಹಳೇ ಕೇಬಲ್ಲನ್ನೇ ಬಿಟ್ಟರೆ, ಹ್ಯಾಂಡಲ್ ತಿರುಗಿಸಿದಾಗ ಆಕ್ಸಿಲರೇಟರ್ ಕೇಬಲ್ ಎಳೆದು ಗಾಡಿ ತಾನಾಗಿಯೇ ರೈಸ್ ಆಗುತ್ತದೆ. ಡಿಸ್ಕ್ ಬ್ರೇಕಿನ ಪೈಪು ಬಿಗಿಯುತ್ತದೆ. ತಗ್ಗಿನದು ಹಾಕಿದರೆ ಪೂರ್ತಿ ತಿರುಗಿಸಿದಾಗ ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳುತ್ತದೆ.

ನಮ್ಮಲ್ಲೂ ಕಾನೂನಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ನಿಯಮ ಮೀರಿದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದಿತು. ಆದರೆ ಕಾನೂನಿನ ಕಣ್ಣು ಹೋಗುವುದು ಸದ್ದು ಮಾಡುವ ಕಡೆಗೆ. ಪೊಲೀಸರು ಸೈಲೆನ್ಸರ್‌ಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸುವ ಫೋಟೊವನ್ನು ನಾನೇ ಪತ್ರಿಕೆಗೆ ಕಳಿಸಿದ್ದೇನೆ. ಹ್ಯಾಂಡಲ್‌ಗಳಿಗೆ ಹಾಗೆ ರೋಲರ್ ಹತ್ತಿಸಿದ ಫೋಟೊ ಇನ್ನೂ ಕಳಿಸಿಲ್ಲ. ಹ್ಯಾಂಡಲ್ ಸದ್ದು ಮಾಡುವುದಿಲ್ಲವಲ್ಲ.

ಹಾಗಾಗಿ ನೋಡಿಕೊಳ್ಳಬೇಕಾದವರು ನಾವೇ. ಹ್ಯಾಂಡಲ್ ಬದಲಿಸಿದರೆ ಗಾಡಿ ನಿಲ್ಲಿಸಿಕೊಂಡು ಎರಡೂ ತುದಿ ಹಿಡಿದು ಮೈಭಾರ ಬಿಟ್ಟು ಒತ್ತಿ ನೋಡಿ, ಜಾರಬಾರದು. ಎಂಜಿನ್ ಚಾಲೂ ಇಟ್ಟು, ನ್ಯೂಟ್ರಲ್‌ನಲ್ಲಿ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಸದ್ದು ಏರಬಾರದು. ಒಮ್ಮೆ ಬಾಗಿದ್ದನ್ನು ನೆಟ್ಟಗೆ ಮಾಡಿಸಬೇಡಿ. ಬಿರುಕು ಬಿಟ್ಟಿದ್ದನ್ನು ವೆಲ್ಡ್ ಮಾಡಿಸಬೇಡಿ.

ಚಿಕ್ಕಪ್ಪ ಈಗಲೂ ರೋಡ್‌ಕಿಂಗ್ ಓಡಿಸುತ್ತಾರೆ. ಮೈಸೂರಿನ ಗುಜರಿಯಲ್ಲಿ ಹುಡುಕಿ ತಂದ ಹಳೇ ಒರಿಜಿನಲ್ ಹ್ಯಾಂಡಲ್ ಅದರಲ್ಲಿದೆ. ಕ್ರೋಮ್ ಪೂರ್ತಿ ಹೋಗಿದೆ. ಆದರೂ ಹೊರಡುವ ಮುನ್ನ ಒಂದು ಸಲ ಒತ್ತಿ ನೋಡಿಯೇ ಕಿಕ್ ಹೊಡೆಯುವುದು.