ಪುಟ್ಟ ಕ್ಯಾಮರಾದ ಪರಿವಾರ

ಈಚೆಗೆ ನನ್ನ ಅಕ್ಕನ ಮಗ ಹದಿನೆಂಟು ವರ್ಷ ಹಳೆಯದಾದ ಒಂದು ಪುಟ್ಟ ಡಿಜಿಟಲ್ ಕ್ಯಾಮರಾವನ್ನು ಯಾರಿಂದಲೋ ಕೊಂಡು ತಂದು ನನ್ನ ಮುಂದಿಟ್ಟ. ಕೈಯಲ್ಲಿರುವ ಫೋನಿನಲ್ಲೇ ಚಿತ್ರ ತೆಗೆಯಬಲ್ಲ ಹುಡುಗರಿಗೆ ಈ ಹಳೆಯ ಡಬ್ಬಿಗಳ ಮೇಲೆ ಮತ್ತೆ ಮೋಹ ಹುಟ್ಟಿದೆಯಂತೆ. “ಮಾವ, ಇದರ ಜೊತೆಗೆ ಇನ್ನೇನೇನು ಕೊಳ್ಳಬೇಕು?” ಎಂದು ಕೇಳಿದ. ಚರ್ಮದ ಚೀಲ, ಟ್ರೈಪಾಡು ಎಂದು ಅವನಾಗಲೇ ಒಂದು ಪಟ್ಟಿ ಮಾಡಿಕೊಂಡಿದ್ದ.

ಕ್ಯಾಮರಾ ಎಂದೂ ಒಂಟಿಯಾಗಿ ಹೊರಟದ್ದಿಲ್ಲ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಹಸಿ ಕೊಲೋಡಿಯನ್ ವಿಧಾನದಲ್ಲಿ, ಗಾಜಿನ ಫಲಕಕ್ಕೆ ರಸಾಯನವನ್ನು ಸ್ಥಳದಲ್ಲೇ ಬಳಿದು, ಅದು ಆರುವುದರೊಳಗೆ ಚಿತ್ರ ತೆಗೆದು ಸಂಸ್ಕರಿಸಿಯೂ ಮುಗಿಸಬೇಕಿತ್ತು. ಆದುದರಿಂದ ಕತ್ತಲೆಕೋಣೆಯೇ ಛಾಯಾಗ್ರಾಹಕನ ಬೆನ್ನು ಹತ್ತಿ ನಡೆಯಬೇಕಾಯಿತು. 1855ರಲ್ಲಿ ಕ್ರಿಮಿಯಾದ ಯುದ್ಧಭೂಮಿಗೆ ಹೋದ ರೋಜರ್ ಫೆಂಟನ್, ದ್ರಾಕ್ಷಾರಸದ ವ್ಯಾಪಾರಿಯೊಬ್ಬನ ಬಂಡಿಯನ್ನು ಕತ್ತಲೆಕೋಣೆಯಾಗಿ ಮಾರ್ಪಡಿಸಿ, 5 ಕ್ಯಾಮರಾಗಳನ್ನೂ 700 ಗಾಜಿನ ಫಲಕಗಳನ್ನೂ ಹೇರಿಕೊಂಡು ಹೋದ. 1863ರಲ್ಲಿ ಸ್ಯಾಮ್ಯುಯೆಲ್ ಬೋರ್ನ್ ಹಿಮಾಲಯಕ್ಕೆ ಹೊರಟಾಗ ಹೊರೆಯಾಳುಗಳೇ ಸುಮಾರು ಮೂವತ್ತು ಮಂದಿ. ಅವರ ಹೆಸರುಗಳು ಯಾವ ಚಿತ್ರದ ಕೆಳಗೂ ಇಲ್ಲ ಎಂಬುದು ಬೇರೆ ಮಾತು.

ನಮ್ಮ ಹಳೇಬೀಡಿಗೆ 1854ರ ಡಿಸೆಂಬರಿನಲ್ಲಿ ಬಂದ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಆರಿಸಿಕೊಂಡದ್ದು ಮೇಣ ಸವರಿದ ಕಾಗದವನ್ನು. ನುಣುಪಿನಲ್ಲಿ ಅದು ಗಾಜಿಗೆ ಸಮವಲ್ಲ. ಆದರೆ ಅದನ್ನು ಮೊದಲೇ ಸಿದ್ಧಪಡಿಸಿ ಇಟ್ಟುಕೊಳ್ಳಬಹುದಿತ್ತು. ಚಿತ್ರ ತೆಗೆದ ಮೇಲೆ ಬಿಡಾರಕ್ಕೆ ಮರಳಿ ನಿಧಾನವಾಗಿ ಸಂಸ್ಕರಿಸಬಹುದಿತ್ತು. ಬಿಸಿಲ ನಾಡಿನ ಪಯಣಕ್ಕೆ ಒದಗುವುದು ಯಾವುದೆಂಬುದನ್ನು ಆತ ಬಲ್ಲವನಾಗಿದ್ದ.

1888ರಲ್ಲಿ ಜಾರ್ಜ್ ಈಸ್ಟ್‌ಮನ್ನನ ಕೊಡಕ್ ಕ್ಯಾಮರಾ ಬಂದಾಗ ಈ ಪರಿವಾರವೆಲ್ಲ ಕಣ್ಮರೆಯಾಯಿತೆಂದು ಜನ ಹಿಗ್ಗಿದರು. ನೂರು ಚಿತ್ರ ತೆಗೆದು ಕ್ಯಾಮರಾವನ್ನೇ ಕಾರ್ಖಾನೆಗೆ ಕಳುಹಿಸಿದರಾಯಿತು. ಪರಿವಾರ ಆ ಕಾರ್ಖಾನೆಯೊಳಗೆ ಸೇರಿಕೊಂಡಿತ್ತು, ಅಷ್ಟೆ. 1975ರಲ್ಲಿ ಅದೇ ಕಂಪನಿಯ ಸ್ಟೀವನ್ ಸ್ಯಾಸನ್ ರೂಪಿಸಿದ ಮೊದಲ ಡಿಜಿಟಲ್ ಕ್ಯಾಮರಾ ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ಬರೆದುಕೊಳ್ಳಲು 23 ಸೆಕೆಂಡು ಹಿಡಿಯುತ್ತಿತ್ತು. ಬರೆದದ್ದನ್ನು ಕಾಣಬೇಕಾದರೆ ಬೇರೊಂದು ಯಂತ್ರ ಮತ್ತು ಟೆಲಿವಿಷನ್ ಬೇಕು.

ಅಲ್ಲಿಂದ ಮುಂದೆ ಕಾರ್ಡುಗಳ ಗೊಂದಲ. 1994ರಲ್ಲಿ ಕಾಂಪ್ಯಾಕ್ಟ್‌ಫ್ಲ್ಯಾಶ್, 1995ರಲ್ಲಿ ಸ್ಮಾರ್ಟ್‌ಮೀಡಿಯಾ, 1998ರಲ್ಲಿ ಮೆಮೊರಿ ಸ್ಟಿಕ್, 1999ರಲ್ಲಿ ಎಸ್‌ಡಿ, 2002ರಲ್ಲಿ ಎಕ್ಸ್‌ಡಿ. ಒಂದರ ಗೂಡಿಗೆ ಇನ್ನೊಂದು ಹೊಗದು. ಕೊನೆಗೆ ಗೆದ್ದ ಎಸ್‌ಡಿಯಲ್ಲೂ ಒಳಪಂಗಡ: 2006ರಲ್ಲಿ ಎಸ್‌ಡಿಎಚ್‌ಸಿ ಬಂತು; ಅದಕ್ಕಿಂತ ಹಿಂದಿನ ಕ್ಯಾಮರಾಗಳು ಸಾಮಾನ್ಯವಾಗಿ 2 ಜಿಬಿಯ ಆಚೆಗೆ ಗುರುತಿಸುವುದಿಲ್ಲ. ದೊಡ್ಡದೇ ಒಳ್ಳೆಯದೆಂದು ಇಂದಿನ ಕಾರ್ಡನ್ನು ಕೊಂಡರೆ ದುಡ್ಡು ದಂಡ. ಬ್ಯಾಟರಿಯದೂ ಇಂಥದೇ ಕಥೆ. ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ಮುಪ್ಪಾಗುತ್ತದೆ; ಆ ಒಂದು ಮಾದರಿಗೆಂದೇ ಮಾಡಿದ್ದು ಮುಂದೆ ಸಿಕ್ಕೀತೆಂಬ ಭರವಸೆಯಿಲ್ಲ. ಪೆನ್ಸಿಲ್ ಸೆಲ್ಲಿನಿಂದ ನಡೆಯುವ ಕ್ಯಾಮರಾದವರು ಪುಣ್ಯವಂತರು. ಟ್ರೈಪಾಡಿನ ವಿಷಯದಲ್ಲಿ ಮಾತ್ರ ಲೋಕಕ್ಕೆ ಬುದ್ಧಿಯಿದೆ: ಪುಟ್ಟ ಕ್ಯಾಮರಾಗಳ ಅಡಿಯಲ್ಲಿರುವುದು ಬಹುಮಟ್ಟಿಗೆ ಅದೇ ಕಾಲು ಅಂಗುಲದ ತಿರುಪು. ಅಜ್ಜನ ಟ್ರೈಪಾಡು ಮೊಮ್ಮಗನ ಕ್ಯಾಮರಾಕ್ಕೂ ಒಗ್ಗುವುದುಂಟು.

ಇದನ್ನೆಲ್ಲ ನಾನು ಪುಸ್ತಕ ಓದಿ ಮಾತ್ರ ಕಲಿತದ್ದಲ್ಲ. 2005ರಲ್ಲಿ ನನ್ನ ತಾಯಿಯನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆ. ಅದೇ ಆಕೆಯ ಕೊನೆಯ ಪ್ರವಾಸ. ನನ್ನ ಬಳಿ ಇದ್ದದ್ದು ಈ ಹುಡುಗನದರಂಥದೇ ಒಂದು ಕ್ಯಾಮರಾ. ಅಂದವಾದ ಚೀಲವನ್ನೂ ಕೊಂಡಿದ್ದೆ. ಕೆಲವು ವರ್ಷಗಳಲ್ಲಿ ಕ್ಯಾಮರಾ ಕೆಟ್ಟಿತು. ಕಾರ್ಡು ಚೀಲದಲ್ಲಿ ಉಳಿಯಿತು. ಕಾರ್ಡನ್ನು ಓದುವ ಸಾಧನವನ್ನು ಮನೆ ಬದಲಾಯಿಸುವಾಗ ಹಳೆಯ ವೈರುಗಳ ಜೊತೆ ನಾನೇ ಗುಜರಿಗೆ ಹಾಕಿದ್ದೆ. ಆ ಜಾತಿಯ ಕಾರ್ಡು ಅಷ್ಟರಲ್ಲಿ ಅಂಗಡಿಗಳಿಂದಲೂ ಮಾಯವಾಗಿತ್ತು. ಅಂಗುಲದಗಲದ ಆ ಬಿಲ್ಲೆಯನ್ನು ತಾಯಿಯ ಕುಂಕುಮದ ಭರಣಿಯ ಪಕ್ಕದಲ್ಲಿ ಇಟ್ಟುಕೊಂಡು ಹತ್ತು ವರ್ಷ ಕಳೆದೆ.

ಸೋದರಳಿಯನ ಕ್ಯಾಮರಾದ ಗೂಡನ್ನು ತೆರೆದು ಮೊದಲು ನೋಡಿದ್ದು ಅದನ್ನೇ. ಕಾರ್ಡು ಹೊಗಲಿಲ್ಲ. ಹುಡುಗ ಏನೂ ಹೇಳದೆ ಹೋದವನು, ಮೂರು ವಾರಗಳ ಮೇಲೆ ಬಹಳ ಬಗೆಯ ಗೂಡುಗಳಿದ್ದ ಹಳೆಯ ರೀಡರೊಂದನ್ನು ಎಲ್ಲಿಂದಲೋ ಹಿಡಿದು ತಂದ. ನಲವತ್ತೊಂದು ಚಿತ್ರಗಳಿದ್ದವು. ಮೂವತ್ತಕ್ಕೂ ಹೆಚ್ಚು ಶಿಲಾಬಾಲಿಕೆಯರವು, ಆನೆಗಳ ಸಾಲಿನವು. ತಾಯಿ ಇದ್ದದ್ದು ಮೂರರಲ್ಲಿ. ಒಂದರಲ್ಲಿ ಕಣ್ಣು ಮುಚ್ಚಿದ್ದಾಳೆ, ಒಂದರಲ್ಲಿ ಬೆನ್ನು ಮಾತ್ರ. ಇನ್ನೊಂದರಲ್ಲಿ ಜಗತಿಯ ಮೆಟ್ಟಿಲ ಮೇಲೆ ಕುಳಿತು, ಚಿತ್ರ ಸಾಕು ಬಾ ಎಂಬಂತೆ ನನ್ನತ್ತ ಕೈ ಬೀಸುತ್ತಿದ್ದಾಳೆ.

ಅದೇ ಸಂಜೆ ಅದನ್ನು ಕಾಗದದ ಮೇಲೆ ಮುದ್ರಿಸಿ ತರಿಸಿದೆ. ಹುಡುಗ ತನ್ನ ಪಟ್ಟಿಯ ತಲೆಯಲ್ಲಿ ‘ರೀಡರ್, ಎರಡು’ ಎಂದು ಬರೆದುಕೊಂಡಿದ್ದಾನೆ. ಚರ್ಮದ ಚೀಲವನ್ನು ಇನ್ನೂ ಕೊಂಡಿಲ್ಲ.