ಮಹಿಳಾ ಟೆನಿಸ್‌ನಲ್ಲಿ ತಾರಾಮೌಲ್ಯ

ಮಹಿಳಾ ಟೆನಿಸ್‌ನಲ್ಲಿ ತಾರಾಮೌಲ್ಯ ಎಂದರೆ ವೃತ್ತಿಪರ ಆಟಗಾರ್ತಿಯೊಬ್ಬರಿಗೆ ಆಟದ ಫಲಿತಾಂಶಗಳ ಜೊತೆಗೆ ರೂಪ, ಉಡುಗೆ, ವ್ಯಕ್ತಿತ್ವ ಹಾಗೂ ಮಾಧ್ಯಮ ಪ್ರಚಾರಗಳಿಂದ ದೊರೆಯುವ ಜನಾಕರ್ಷಣೆ ಮತ್ತು ಅದರ ವಾಣಿಜ್ಯ ಮೌಲ್ಯ. ಆಂಗ್ಲ ಪತ್ರಿಕೆಗಳು ಬಳಕೆಗೆ ತಂದ 'ಗ್ಲಾಮರ್' ಎಂಬ ಪದ ಕನ್ನಡ ಪತ್ರಿಕೆಗಳ ಕ್ರೀಡಾಪುಟಗಳಲ್ಲಿಯೂ ಇದೇ ಅರ್ಥದಲ್ಲಿ ರೂಢಿಯಲ್ಲಿದೆ. ಫ್ರಾನ್ಸ್‌ನ ಸೂಜಾನ್ ಲಾಂಗ್ಲೆನ್ ಅವರಿಂದ ರಷ್ಯಾದ ಮರಿಯಾ ಶರಪೋವಾ ಮತ್ತು ಭಾರತದ ಸಾನಿಯಾ ಮಿರ್ಜಾ ಅವರವರೆಗೆ ಹಲವು ಆಟಗಾರ್ತಿಯರ ವೃತ್ತಿಜೀವನದ ಮೇಲೆ ಈ ಆಕರ್ಷಣೆ ಪ್ರಭಾವ ಬೀರಿದೆ. ಅದು ಅವರಿಗೆ ಹಣವನ್ನೂ ಸ್ವಾತಂತ್ರ್ಯವನ್ನೂ ತಂದಿತು. ಕೆಲವೊಮ್ಮೆ ಅಂಕಣದಿಂದ ದೂರ ಉಳಿಯುವ ಸ್ಥಿತಿಯನ್ನೂ ಒಡ್ಡಿತು. 2006ರಿಂದ 2008ರವರೆಗೆ ನಡೆದ ಬೆಂಗಳೂರು ಓಪನ್ ಮಹಿಳಾ ಪಂದ್ಯಾವಳಿ ಈ ಎರಡಕ್ಕೂ ಕರ್ನಾಟಕದಲ್ಲಿ ದೊರೆಯುವ ಉದಾಹರಣೆಯಾಗಿದೆ.

ಸ್ವರೂಪ

ವೃತ್ತಿಪರ ಆಟಗಾರ್ತಿಯ ಆದಾಯಕ್ಕೆ ಎರಡು ಮುಖ್ಯ ಮೂಲಗಳಿವೆ. ಮೊದಲನೆಯದು ಪಂದ್ಯಾವಳಿಗಳಲ್ಲಿ ಗೆದ್ದ ಬಹುಮಾನದ ಹಣ. ಎರಡನೆಯದು ಉಡುಪು, ಪಾದರಕ್ಷೆ, ರ್‍ಯಾಕೆಟ್, ಕೈಗಡಿಯಾರ, ಪಾನೀಯ ಮುಂತಾದವುಗಳ ತಯಾರಕರಿಂದ ಬರುವ ಪ್ರಾಯೋಜಕತ್ವದ ಹಣ. ಬಹುಮಾನದ ಹಣ ಗೆಲುವನ್ನು ಅವಲಂಬಿಸಿದರೆ, ಪ್ರಾಯೋಜಕತ್ವದ ಹಣ ಜನಪ್ರಿಯತೆಯನ್ನು ಅವಲಂಬಿಸುತ್ತದೆ. ಶ್ರೇಯಾಂಕವನ್ನು ಹಿಂದಿನ 52 ವಾರಗಳ ಫಲಿತಾಂಶಗಳಿಂದ ಲೆಕ್ಕ ಹಾಕಲಾಗುತ್ತದೆ. ಸಿಂಗಲ್ಸ್ ಮತ್ತು ಡಬಲ್ಸ್ ವಿಭಾಗಗಳಿಗೆ ಪ್ರತ್ಯೇಕ ಶ್ರೇಯಾಂಕಗಳಿವೆ. ಪ್ರಚಾರವು ಹೆಚ್ಚಾಗಿ ಸಿಂಗಲ್ಸ್ ಆಟಗಾರ್ತಿಯರ ಪಾಲಾಗುವುದರಿಂದ ಡಬಲ್ಸ್‌ನಲ್ಲಿ ಶ್ರೇಷ್ಠ ಸಾಧನೆ ಮಾಡಿದವರ ಕೆಲಸ ಸಾರ್ವಜನಿಕರ ಗಮನಕ್ಕೆ ಬಾರದೆ ಹೋಗುವುದುಂಟು.

ಇತಿಹಾಸ

ಸೂಜಾನ್ ಲಾಂಗ್ಲೆನ್ (1899–1938) ಮಹಿಳಾ ಟೆನಿಸ್‌ನ ಮೊದಲ ಅಂತರರಾಷ್ಟ್ರೀಯ ತಾರೆ ಎಂದು ಪರಿಗಣಿತರಾಗಿದ್ದಾರೆ. 1919ರಿಂದ 1923ರವರೆಗೆ ಸತತವಾಗಿ, ಮತ್ತೆ 1925ರಲ್ಲಿ, ಒಟ್ಟು 6 ಬಾರಿ ಅವರು ವಿಂಬಲ್ಡನ್ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದರು. ಆ ಕಾಲದ ಮಹಿಳೆಯರು ಪಾದದವರೆಗಿನ ಲಂಗ ಮತ್ತು ಬಿಗಿಯಾದ ಒಳಕವಚ ಧರಿಸಿ ಆಡುತ್ತಿದ್ದರು. ಲಾಂಗ್ಲೆನ್ ಅವುಗಳನ್ನು ತ್ಯಜಿಸಿ, ವಸ್ತ್ರವಿನ್ಯಾಸಕ ಜ್ಯಾನ್ ಪಾತೂ ರೂಪಿಸಿದ ಗಿಡ್ಡ ನೆರಿಗೆಯ ಉಡುಪು ಹಾಗೂ ತಲೆಪಟ್ಟಿ ಧರಿಸಿದರು. ಇದು ಫ್ಯಾಷನ್ ಎಂದು ಪ್ರಸಿದ್ಧವಾಯಿತಾದರೂ ಅಂಕಣದಲ್ಲಿ ಸಲೀಸಾಗಿ ಓಡಲು, ಜಿಗಿಯಲು ಆ ಉಡುಗೆಯೇ ಅನುವು ಮಾಡಿಕೊಟ್ಟಿತು. 1926ರಲ್ಲಿ ಅವರು 50,000 ಡಾಲರ್ ಒಪ್ಪಂದಕ್ಕೆ ಸಹಿ ಹಾಕಿ ವೃತ್ತಿಪರರಾದರು ಮತ್ತು ಅಮೆರಿಕದಲ್ಲಿ ಪ್ರದರ್ಶನ ಪಂದ್ಯಗಳ ಪ್ರವಾಸ ಕೈಗೊಂಡರು.

1949ರ ವಿಂಬಲ್ಡನ್‌ನಲ್ಲಿ ಅಮೆರಿಕದ ಗಸ್ಸಿ ಮೊರಾನ್ ವಿನ್ಯಾಸಕ ಟೆಡ್ ಟಿನ್ಲಿಂಗ್ ಹೊಲಿದ ಕಸೂತಿ ಅಂಚಿನ ಒಳಚಡ್ಡಿ ಧರಿಸಿ ಆಡಿದರು. ಛಾಯಾಗ್ರಾಹಕರು ಅದನ್ನು ಜಗತ್ಪ್ರಸಿದ್ಧಗೊಳಿಸಿದರು. ಟಿನ್ಲಿಂಗ್ ವಿಂಬಲ್ಡನ್‌ನಲ್ಲಿ ತಾವು ನಿರ್ವಹಿಸುತ್ತಿದ್ದ ಆತಿಥ್ಯದ ಹೊಣೆಯನ್ನು ಕಳೆದುಕೊಂಡರು. ಅದೇ ವರ್ಷ ಮೊರಾನ್ ಅಲ್ಲಿ ಮಹಿಳೆಯರ ಡಬಲ್ಸ್ ಫೈನಲ್ ತಲುಪಿದ್ದರು. 2013ರಲ್ಲಿ ಅವರು ನಿಧನರಾದಾಗಲೂ ಪತ್ರಿಕೆಗಳು ಮುಖ್ಯವಾಗಿ ನೆನೆದದ್ದು ಆ ಉಡುಪನ್ನೇ.

ವೃತ್ತಿ ಸಂಘಟನೆ

1968ರಲ್ಲಿ ವೃತ್ತಿಪರರಿಗೂ ಹವ್ಯಾಸಿಗಳಿಗೂ ಪ್ರಮುಖ ಪಂದ್ಯಾವಳಿಗಳು ತೆರೆದುಕೊಂಡವು. ಇದನ್ನು ಮುಕ್ತಯುಗ ಎಂದು ಕರೆಯಲಾಗುತ್ತದೆ. ಆದರೆ ಬಹುಮಾನದ ಹಣದಲ್ಲಿ ಮಹಿಳೆಯರ ಪಾಲು ಅತ್ಯಲ್ಪವಾಗಿತ್ತು. 1970ರಲ್ಲಿ ಲಾಸ್ ಏಂಜಲೀಸ್‌ನ ಪೆಸಿಫಿಕ್ ಸೌತ್‌ವೆಸ್ಟ್ ಪಂದ್ಯಾವಳಿಯಲ್ಲಿ ಪುರುಷ ವಿಜೇತನಿಗೆ 12,500 ಡಾಲರ್, ಮಹಿಳಾ ವಿಜೇತೆಗೆ 1,500 ಡಾಲರ್ ನಿಗದಿಯಾಗಿತ್ತು. ಇದನ್ನು ವಿರೋಧಿಸಿ ಬಿಲ್ಲೀ ಜೀನ್ ಕಿಂಗ್ ಸೇರಿದಂತೆ 9 ಆಟಗಾರ್ತಿಯರು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹ್ಯೂಸ್ಟನ್ ನಗರದಲ್ಲಿ ಪ್ರತ್ಯೇಕ ಪಂದ್ಯಾವಳಿ ಆಡಿದರು. ಪತ್ರಿಕಾ ಪ್ರಕಾಶಕಿ ಗ್ಲಾಡಿಸ್ ಹೆಲ್ಡ್‌ಮನ್ ಅವರೊಡನೆ ತಲಾ 1 ಡಾಲರ್‌ನ ಸಾಂಕೇತಿಕ ಒಪ್ಪಂದಕ್ಕೆ ಸಹಿ ಹಾಕಿದ ಈ ಗುಂಪು 'ಒರಿಜಿನಲ್ ನೈನ್' ಎಂದು ಹೆಸರಾಗಿದೆ.

1973ರಲ್ಲಿ ಮಹಿಳಾ ಟೆನಿಸ್ ಸಂಘ (ಡಬ್ಲ್ಯುಟಿಎ) ಸ್ಥಾಪನೆಯಾಯಿತು. ಅದೇ ವರ್ಷ ಅಮೆರಿಕನ್ ಓಪನ್ ಪುರುಷರಿಗೂ ಮಹಿಳೆಯರಿಗೂ ಸಮಾನ ಬಹುಮಾನ ನೀಡಿತು. ವಿಂಬಲ್ಡನ್ ಈ ಕ್ರಮವನ್ನು ಅನುಸರಿಸಿದ್ದು 2007ರಲ್ಲಿ. ಮುಂದಿನ ತಲೆಮಾರುಗಳ ತಾರೆಯರು ಗಳಿಸಿದ ಸಂಪತ್ತಿಗೆ ಈ ಹೋರಾಟವೇ ತಳಹದಿಯಾಯಿತು.

ಪ್ರಮುಖ ಆಟಗಾರ್ತಿಯರು

ಗೇಬ್ರಿಯೆಲಾ ಸಬಾಟಿನಿ: ಅರ್ಜೆಂಟೀನಾದ ಸಬಾಟಿನಿ 1990ರಲ್ಲಿ ಅಮೆರಿಕನ್ ಓಪನ್ ಸಿಂಗಲ್ಸ್ ಗೆದ್ದರು. ಒಟ್ಟು 27 ಸಿಂಗಲ್ಸ್ ಪ್ರಶಸ್ತಿಗಳನ್ನು ಗಳಿಸಿ 1996ರಲ್ಲಿ ನಿವೃತ್ತರಾದರು. 1989ರಲ್ಲಿ ಅವರ ಹೆಸರಿನ ಸುಗಂಧದ್ರವ್ಯ ಮಾರುಕಟ್ಟೆಗೆ ಬಂದಿತು. ಆಟಗಾರ್ತಿಯ ಹೆಸರೇ ಸರಕಿನ ಹೆಸರಾದ ಆರಂಭಿಕ ಉದಾಹರಣೆಗಳಲ್ಲಿ ಇದೂ ಒಂದು.

ಅನ್ನಾ ಕೂರ್ನಿಕೋವಾ: 1981ರಲ್ಲಿ ಮಾಸ್ಕೋದಲ್ಲಿ ಜನಿಸಿದ ಕೂರ್ನಿಕೋವಾ 1997ರಲ್ಲಿ, ತಮ್ಮ 16ನೆಯ ವಯಸ್ಸಿನಲ್ಲಿ, ವಿಂಬಲ್ಡನ್ ಸೆಮಿಫೈನಲ್ ತಲುಪಿದರು. 2000ದಲ್ಲಿ ಸಿಂಗಲ್ಸ್‌ನಲ್ಲಿ 8ನೆಯ ಶ್ರೇಯಾಂಕ ಪಡೆದರು. ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿಯನ್ನು ಒಮ್ಮೆಯೂ ಗೆಲ್ಲದ ಕಾರಣ ಅವರನ್ನು ಕೇವಲ ರೂಪದಿಂದ ಹೆಸರಾದವರೆಂದು ಟೀಕಿಸಲಾಯಿತು. ಆದರೆ ಅವರು ಡಬಲ್ಸ್‌ನಲ್ಲಿ ವಿಶ್ವದ ಅಗ್ರಸ್ಥಾನಕ್ಕೇರಿದ್ದರು. ಮಾರ್ಟಿನಾ ಹಿಂಗಿಸ್ ಜೊತೆಗೂಡಿ 1999 ಮತ್ತು 2002ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದಿದ್ದರು. ಒಟ್ಟು 16 ಡಬಲ್ಸ್ ಪ್ರಶಸ್ತಿಗಳು ಅವರ ಹೆಸರಿನಲ್ಲಿವೆ. ಬೆನ್ನುನೋವಿನಿಂದಾಗಿ 2003ರಲ್ಲಿ, 21ನೆಯ ವಯಸ್ಸಿನಲ್ಲಿಯೇ, ಅವರ ವೃತ್ತಿಜೀವನ ಕೊನೆಗೊಂಡಿತು.

ಮರಿಯಾ ಶರಪೋವಾ: 1987ರಲ್ಲಿ ಸೈಬೀರಿಯಾದ ನ್ಯಾಗನ್ ಪಟ್ಟಣದಲ್ಲಿ ಜನಿಸಿದ ಶರಪೋವಾ ಬಾಲ್ಯದಲ್ಲಿಯೇ ತಂದೆಯೊಡನೆ ಅಮೆರಿಕದ ಫ್ಲಾರಿಡಾಕ್ಕೆ ತೆರಳಿ ತರಬೇತಿ ಪಡೆದರು. 2004ರ ವಿಂಬಲ್ಡನ್ ಫೈನಲ್‌ನಲ್ಲಿ 17ನೆಯ ವಯಸ್ಸಿನಲ್ಲಿ ಸೆರೆನಾ ವಿಲಿಯಮ್ಸ್ ಅವರನ್ನು 6–1, 6–4ರಿಂದ ಸೋಲಿಸಿದರು. ಅನಂತರ ಅಮೆರಿಕನ್ ಓಪನ್ (2006), ಆಸ್ಟ್ರೇಲಿಯನ್ ಓಪನ್ (2008) ಹಾಗೂ ಫ್ರೆಂಚ್ ಓಪನ್ (2012, 2014) ಪ್ರಶಸ್ತಿಗಳನ್ನು ಗೆದ್ದರು. 2008ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾದ ಮೇಲೂ ಅವರು ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಗೆದ್ದದ್ದು ಗಮನಾರ್ಹ. 2016ರಲ್ಲಿ ನಿಷೇಧಿತ ಔಷಧ ಮೆಲ್ಡೋನಿಯಂ ಪತ್ತೆಯಾದ ಕಾರಣ ಅಮಾನತುಗೊಂಡರು. 2 ವರ್ಷಗಳ ನಿಷೇಧವನ್ನು ಮೇಲ್ಮನವಿಯ ನಂತರ 15 ತಿಂಗಳಿಗೆ ಇಳಿಸಲಾಯಿತು. 2020ರ ಫೆಬ್ರವರಿಯಲ್ಲಿ ಅವರು ನಿವೃತ್ತಿ ಘೋಷಿಸಿದರು.

ಸೆರೆನಾ ವಿಲಿಯಮ್ಸ್: ಅಮೆರಿಕದ ಸೆರೆನಾ 23 ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳನ್ನು ಗೆದ್ದಿದ್ದಾರೆ. ಶರಪೋವಾ ವಿರುದ್ಧದ ಪಂದ್ಯಗಳಲ್ಲಿ ಅವರ ದಾಖಲೆ 20 ಗೆಲುವು, 2 ಸೋಲು. ಹಾಗಿದ್ದರೂ ಫೋರ್ಬ್ಸ್ ಪತ್ರಿಕೆಯ ಪಟ್ಟಿಯಲ್ಲಿ 2005ರಿಂದ 2015ರವರೆಗೆ ಸತತ 11 ವರ್ಷ ಅತ್ಯಧಿಕ ಆದಾಯದ ಕ್ರೀಡಾಪಟು ಮಹಿಳೆಯಾಗಿದ್ದವರು ಶರಪೋವಾ. ಬಹುಮಾನದ ಹಣದಲ್ಲಿ ಮಾತ್ರ ಸೆರೆನಾ ಅವರದು 9.4 ಕೋಟಿ ಡಾಲರ್‌ಗೂ ಅಧಿಕ, ಶರಪೋವಾ ಅವರದು 3.8 ಕೋಟಿ ಡಾಲರ್‌ಗೂ ಅಧಿಕ. ಅಂಕಣದ ಲೆಕ್ಕ ಮತ್ತು ಮಾರುಕಟ್ಟೆಯ ಲೆಕ್ಕ ಬೇರೆಬೇರೆ ಎಂಬುದಕ್ಕೆ ಈ ಅಂಕಿಗಳನ್ನು ಉದಾಹರಿಸಲಾಗುತ್ತದೆ. ಕಪ್ಪು ವರ್ಣದ, ಬಲಿಷ್ಠ ಮೈಕಟ್ಟಿನ ಆಟಗಾರ್ತಿಯನ್ನು ಜಾಹೀರಾತು ಜಗತ್ತು ಸೌಂದರ್ಯದ ಮಾದರಿಯಾಗಿ ಒಪ್ಪಲು ತಡಮಾಡಿತು ಎಂಬ ವಿಮರ್ಶೆಯೂ ಇದೆ.

ಉಡುಗೆ ಮತ್ತು ಮಾಧ್ಯಮ

2018ರ ಫ್ರೆಂಚ್ ಓಪನ್‌ನಲ್ಲಿ ಸೆರೆನಾ ಮೈಗೆ ಅಂಟುವ ಕಪ್ಪು ಉಡುಪು ಧರಿಸಿದರು. ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ತೊಂದರೆ ಅನುಭವಿಸಿದ್ದ ಅವರು ರಕ್ತಸಂಚಾರಕ್ಕೆ ಅದು ಸಹಾಯಕವೆಂದು ತಿಳಿಸಿದ್ದರು. ಇಂಥ ಉಡುಪಿಗೆ ಮುಂದೆ ಅವಕಾಶವಿಲ್ಲವೆಂದು ಫ್ರೆಂಚ್ ಟೆನಿಸ್ ಒಕ್ಕೂಟದ ಅಧ್ಯಕ್ಷರು ಹೇಳಿದಾಗ ವ್ಯಾಪಕ ವಿರೋಧ ವ್ಯಕ್ತವಾಯಿತು. ಅದೇ ವರ್ಷದ ಕೊನೆಯಲ್ಲಿ ಡಬ್ಲ್ಯುಟಿಎ ತನ್ನ ಪಂದ್ಯಾವಳಿಗಳಲ್ಲಿ ಲಂಗವಿಲ್ಲದೆ ಬಿಗಿ ಕಾಲುಡುಪು ಧರಿಸಬಹುದೆಂದು ನಿಯಮವನ್ನು ಸ್ಪಷ್ಟಪಡಿಸಿತು. ಪೂರ್ಣ ಬಿಳಿ ಉಡುಗೆಯ ನಿಯಮ ಪಾಲಿಸುವ ವಿಂಬಲ್ಡನ್, ಮುಟ್ಟಿನ ದಿನಗಳ ಆತಂಕವನ್ನು ಪರಿಗಣಿಸಿ 2023ರಿಂದ ಗಾಢ ಬಣ್ಣದ ಒಳಚಡ್ಡಿಗೆ ಅನುಮತಿ ನೀಡಿದೆ.

2021ರ ಫ್ರೆಂಚ್ ಓಪನ್‌ನಲ್ಲಿ ಜಪಾನಿನ ನವೋಮಿ ಒಸಾಕಾ ಮಾನಸಿಕ ಆರೋಗ್ಯದ ಕಾರಣ ನೀಡಿ ಪತ್ರಿಕಾಗೋಷ್ಠಿಗೆ ಹಾಜರಾಗಲಿಲ್ಲ. ದಂಡ ವಿಧಿಸಿದ ಬಳಿಕ ಅವರು ಪಂದ್ಯಾವಳಿಯಿಂದಲೇ ಹಿಂದೆ ಸರಿದರು. ಪ್ರಚಾರವನ್ನು ಎದುರಿಸುವುದೂ ಆಟಗಾರ್ತಿಯ ಉದ್ಯೋಗದ ಭಾಗವೇ ಎಂಬ ಪ್ರಶ್ನೆಯನ್ನು ಈ ಘಟನೆ ಮುನ್ನೆಲೆಗೆ ತಂದಿತು.

ಭಾರತ: ಸಾನಿಯಾ ಮಿರ್ಜಾ

ಭಾರತದ ನಿರುಪಮಾ ವೈದ್ಯನಾಥನ್ 1998ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮೊದಲ ಸುತ್ತಿನ ಪಂದ್ಯ ಗೆದ್ದು, ಮುಕ್ತಯುಗದಲ್ಲಿ ಗ್ರ್ಯಾಂಡ್ ಸ್ಲಾಮ್ ಮುಖ್ಯ ಸುತ್ತಿನ ಸಿಂಗಲ್ಸ್ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಎನಿಸಿದರು. ಆದರೆ ಮನೆಮಾತಾದ ಮೊದಲ ಭಾರತೀಯ ಟೆನಿಸ್ ತಾರೆ ಸಾನಿಯಾ ಮಿರ್ಜಾ.

1986ರ ನವೆಂಬರ್ 15ರಂದು ಮುಂಬಯಿಯಲ್ಲಿ ಜನಿಸಿದ ಸಾನಿಯಾ ಬೆಳೆದದ್ದು ರಾಯಚೂರು, ಕಲಬುರಗಿ ಸೀಮೆಗೆ ನೆರೆಯ ಮಹಾನಗರವಾದ ಹೈದರಾಬಾದಿನಲ್ಲಿ. 2005ರ ಫೆಬ್ರವರಿಯಲ್ಲಿ ತವರೂರಿನ ಹೈದರಾಬಾದ್ ಓಪನ್ ಗೆದ್ದು, ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಅದೇ ವರ್ಷ ಅಮೆರಿಕನ್ ಓಪನ್‌ನ ನಾಲ್ಕನೆಯ ಸುತ್ತು ತಲುಪಿ ಶರಪೋವಾ ಅವರಿಗೆ ಸೋತರು. 2007ರಲ್ಲಿ ಅವರ ಶ್ರೇಯಾಂಕ 27ಕ್ಕೆ ಏರಿತು.

ಮೂಗುತಿ, ಬರಹವಿದ್ದ ಟೀ ಷರ್ಟುಗಳು ಮತ್ತು ನೇರ ಮಾತುಗಳಿಂದ ಅವರು ಯುವಜನರ ಮೆಚ್ಚುಗೆ ಗಳಿಸಿದರು. ಜಾಹೀರಾತು ಒಪ್ಪಂದಗಳು ಹರಿದುಬಂದವು. ಅದೇ ಪ್ರಚಾರ ವಿವಾದಗಳನ್ನೂ ತಂದಿತು. 2005ರಲ್ಲಿ ಅವರ ಆಟದ ಉಡುಪಿಗೆ ಕೆಲವು ಧಾರ್ಮಿಕ ಮುಖಂಡರು ಆಕ್ಷೇಪ ವ್ಯಕ್ತಪಡಿಸಿದರು. ಹೈದರಾಬಾದಿನ ಮಕ್ಕಾ ಮಸೀದಿಯ ಆವರಣದಲ್ಲಿ ನಡೆದ ಜಾಹೀರಾತು ಚಿತ್ರೀಕರಣವೂ ವಿವಾದವಾಯಿತು. 2008ರ ಆರಂಭದಲ್ಲಿ ಆಸ್ಟ್ರೇಲಿಯಾದ ಪಂದ್ಯಾವಳಿಯೊಂದರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅವರ ಪಾದ ರಾಷ್ಟ್ರಧ್ವಜದ ಬಳಿ ಇದ್ದಂತೆ ಕಂಡಿತೆಂದು ದೂರು ದಾಖಲಾಯಿತು.

ಬೆಂಗಳೂರು ಓಪನ್

2003ರಿಂದ 2005ರವರೆಗೆ ಹೈದರಾಬಾದಿನಲ್ಲಿ ನಡೆದ ಡಬ್ಲ್ಯುಟಿಎ ಪಂದ್ಯಾವಳಿ 2006ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣಗಳಲ್ಲಿ ಪಂದ್ಯಗಳು ನಡೆದವು. ಸಿಂಗಲ್ಸ್ ಫಲಿತಾಂಶಗಳು ಹೀಗಿವೆ:

2006: ವಿಜೇತೆ ಮಾರಾ ಸಾಂಟಾಂಜೆಲೊ (ಇಟಲಿ), ದ್ವಿತೀಯ ಸ್ಥಾನ ಯೆಲೆನಾ ಕೊಸ್ತಾನಿಚ್ (ಕ್ರೊಯೇಷಿಯಾ)
2007: ವಿಜೇತೆ ಯಾರೊಸ್ಲಾವಾ ಶ್ವೆಡೋವಾ (ರಷ್ಯಾ), ದ್ವಿತೀಯ ಸ್ಥಾನ ಮಾರಾ ಸಾಂಟಾಂಜೆಲೊ (ಇಟಲಿ)
2008: ವಿಜೇತೆ ಸೆರೆನಾ ವಿಲಿಯಮ್ಸ್ (ಅಮೆರಿಕ), ದ್ವಿತೀಯ ಸ್ಥಾನ ಪ್ಯಾಟಿ ಶ್ನೈಡರ್ (ಸ್ವಿಟ್ಜರ್ಲೆಂಡ್)

2006ರ ಡಬಲ್ಸ್ ಪ್ರಶಸ್ತಿಯನ್ನು ಸಾನಿಯಾ ಮಿರ್ಜಾ ಲಿಜೆಲ್ ಹ್ಯೂಬರ್ ಜೊತೆಗೂಡಿ ಗೆದ್ದರು. ಮೊದಲ ಎರಡು ವರ್ಷಗಳ ಸಿಂಗಲ್ಸ್ ವಿಜೇತೆಯರು ಆಗ ಹೆಚ್ಚು ಪ್ರಚಾರ ಪಡೆದವರಲ್ಲ. ಮುಂದೆ ಇಬ್ಬರೂ ಡಬಲ್ಸ್‌ನಲ್ಲಿ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಗೆದ್ದರು: ಸಾಂಟಾಂಜೆಲೊ 2007ರಲ್ಲಿ ಫ್ರೆಂಚ್ ಓಪನ್; ಶ್ವೆಡೋವಾ 2010ರಲ್ಲಿ ವಿಂಬಲ್ಡನ್ ಮತ್ತು ಅಮೆರಿಕನ್ ಓಪನ್.

2008ರಲ್ಲಿ ಪಂದ್ಯಾವಳಿ ಎರಡನೆಯ ಶ್ರೇಣಿಗೆ ಏರಿ, ಬಹುಮಾನದ ಒಟ್ಟು ಮೊತ್ತ 6 ಲಕ್ಷ ಡಾಲರ್ ಆಯಿತು. ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಸಹೋದರಿಯರು ಬೆಂಗಳೂರಿಗೆ ಬಂದರು. ಸೆಮಿಫೈನಲ್‌ನಲ್ಲಿ ಅವರಿಬ್ಬರೇ ಎದುರಾದಾಗ ಸೆರೆನಾ 6–3, 3–6, 7–6ರಿಂದ ಗೆದ್ದರು. ಫೈನಲ್‌ನಲ್ಲಿ ಶ್ನೈಡರ್ ಅವರನ್ನು 7–5, 6–3ರಿಂದ ಮಣಿಸಿದರು.

ಆದರೆ ಆ ವರ್ಷ ಭಾರತದ ಅತಿ ಪ್ರಸಿದ್ಧ ಆಟಗಾರ್ತಿ ಅಂಕಣದಲ್ಲಿರಲಿಲ್ಲ. ತಾವು ಭಾರತದಲ್ಲಿ ಆಡಿದಾಗಲೆಲ್ಲ ಒಂದಿಲ್ಲೊಂದು ತೊಂದರೆ ಎದುರಾಗುತ್ತಿದೆ ಎಂಬ ಕಾರಣ ನೀಡಿ ಸಾನಿಯಾ ಬೆಂಗಳೂರು ಓಪನ್‌ನಿಂದ ದೂರ ಉಳಿಯಲು ನಿರ್ಧರಿಸಿದ್ದರು. ಇಲ್ಲಿ ಅವರನ್ನು ತಡೆದದ್ದು ಗಾಯವೂ ಅಲ್ಲ, ಶ್ರೇಯಾಂಕವೂ ಅಲ್ಲ. ಪ್ರೇಕ್ಷಕರನ್ನೂ ಪ್ರಾಯೋಜಕರನ್ನೂ ಮಹಿಳಾ ಟೆನಿಸ್‌ನತ್ತ ಸೆಳೆದಿದ್ದ ಪ್ರಸಿದ್ಧಿಯೇ ಸ್ವದೇಶದಲ್ಲಿ ಆಡುವ ಅವಕಾಶವನ್ನು ಕಿತ್ತುಕೊಂಡಿತ್ತು. 2008ರ ನಂತರ ಬೆಂಗಳೂರಿನಲ್ಲಿ ಈ ಪಂದ್ಯಾವಳಿ ನಡೆಯಲಿಲ್ಲ. ಭಾರತದಲ್ಲಿ ಮತ್ತೆ ಆ ಮಟ್ಟದ ಮಹಿಳಾ ಪಂದ್ಯಾವಳಿ ನಡೆದದ್ದು 2022ರ ಸೆಪ್ಟೆಂಬರ್‌ನಲ್ಲಿ, ಚೆನ್ನೈ ನಗರದಲ್ಲಿ.

ನಂತರದ ವರ್ಷಗಳು

ಸಾನಿಯಾ ಮುಂದೆ ಸ್ವದೇಶದಲ್ಲಿ ಆಡಲು ಮರಳಿದರು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಸಿಂಗಲ್ಸ್‌ನಲ್ಲಿ ಬೆಳ್ಳಿ ಪದಕ ಪಡೆದರು. ಗಾಯಗಳಿಂದಾಗಿ ಸಿಂಗಲ್ಸ್ ತ್ಯಜಿಸಿ ಡಬಲ್ಸ್‌ಗೆ ಸೀಮಿತರಾದ ಮೇಲೆಯೇ ಅವರ ಶ್ರೇಷ್ಠ ಸಾಧನೆಗಳು ಬಂದವು. ಮಿಶ್ರ ಡಬಲ್ಸ್‌ನಲ್ಲಿ 3 ಮತ್ತು ಹಿಂಗಿಸ್ ಜೊತೆಗೂಡಿ ಮಹಿಳೆಯರ ಡಬಲ್ಸ್‌ನಲ್ಲಿ 3, ಒಟ್ಟು 6 ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಗಳನ್ನು ಗೆದ್ದರು. 2015ರ ಏಪ್ರಿಲ್‌ನಲ್ಲಿ ಡಬಲ್ಸ್ ಶ್ರೇಯಾಂಕದ ಅಗ್ರಸ್ಥಾನಕ್ಕೇರಿ, ಒಟ್ಟು 91 ವಾರ ಆ ಸ್ಥಾನದಲ್ಲಿದ್ದರು. 2018ರಲ್ಲಿ ತಾಯಿಯಾದ ಅವರು 2020ರ ಜನವರಿಯಲ್ಲಿ ಅಂಕಣಕ್ಕೆ ಮರಳಿ, ಹೋಬಾರ್ಟ್‌ನಲ್ಲಿ ಆಡಿದ ಮೊದಲ ಪಂದ್ಯಾವಳಿಯಲ್ಲಿಯೇ ಡಬಲ್ಸ್ ಪ್ರಶಸ್ತಿ ಗೆದ್ದರು. 2023ರ ಆಸ್ಟ್ರೇಲಿಯನ್ ಓಪನ್ ಅವರ ಕೊನೆಯ ಗ್ರ್ಯಾಂಡ್ ಸ್ಲಾಮ್. ಅಲ್ಲಿ ಕೊಡಗಿನ ರೋಹನ್ ಬೋಪಣ್ಣ ಅವರೊಂದಿಗೆ ಮಿಶ್ರ ಡಬಲ್ಸ್ ಫೈನಲ್ ತಲುಪಿ ದ್ವಿತೀಯ ಸ್ಥಾನ ಪಡೆದರು. ಮರುತಿಂಗಳು ದುಬೈಯಲ್ಲಿ ಕೊನೆಯ ಡಬ್ಲ್ಯುಟಿಎ ಪಂದ್ಯ ಆಡಿ ನಿವೃತ್ತರಾದರು. ಒಟ್ಟು 43 ಡಬ್ಲ್ಯುಟಿಎ ಡಬಲ್ಸ್ ಪ್ರಶಸ್ತಿಗಳು ಅವರ ಹೆಸರಿನಲ್ಲಿವೆ.