ಬೆಂಕಿಪುರದ ಇದ್ದಲು

ಭದ್ರಾ ನದಿಯ ದಡದಲ್ಲಿರುವ ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ವಂಕಿಪುರವೆಂಬುದೇ ಜನರ ಬಾಯಲ್ಲಿ ಬೆಂಕಿಪುರವಾಯಿತೆಂದು ಹೇಳುವವರುಂಟು. ಅದು ಹೇಗಾದರೂ ಇರಲಿ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನುಳ್ಳ ಓಲ್ಡ್ ಟೌನೇ ಆ ಹಳೆಯ ಊರು. ಹೆಸರು ಭದ್ರಾವತಿಯೆಂದು ಬದಲಾದರೂ ಬೆಂಕಿ ಮಾತ್ರ ಊರನ್ನು ಬಿಡಲಿಲ್ಲ. 1923ರಲ್ಲಿ ಇಲ್ಲಿ ಕಬ್ಬಿಣದ ದೊಡ್ಡ ಕುಲುಮೆ ಹೊತ್ತಿತು. ಆ ಕುಲುಮೆಗೆ ಉಣಿಸುವುದೇನನ್ನು? ಈ ಪ್ರಶ್ನೆಗೆ ಇಲ್ಲಿಯವರು ಕಂಡುಕೊಂಡ ಉತ್ತರಗಳ ಚರಿತ್ರೆ ಇಂದಿಗೂ ತಿಳಿದಿರತಕ್ಕದ್ದು.

ಕಬ್ಬಿಣದ ಕೆಲಸ ನಮ್ಮ ನಾಡಿಗೆ ಹೊಸತಲ್ಲ. ಉಕ್ಕು ಎಂಬ ನಮ್ಮ ಮಾತೇ ಪಾಶ್ಚಾತ್ಯರಲ್ಲಿ ‘ವೂಟ್ಸ್’ ಎಂದಾಯಿತೆಂಬುದು ಅನೇಕ ವಿದ್ವಾಂಸರ ಮತ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹಳ್ಳಿಗಳಲ್ಲಿ ಕಬ್ಬಿಣ ಕರಗಿಸುವ ಬಗೆಯನ್ನು ಕಂಡು ಬರೆದಿಟ್ಟಿದ್ದಾನೆ. ಆ ಕುಲುಮೆಗಳೂ ಇದ್ದಲನ್ನೇ ಉಣ್ಣುತ್ತಿದ್ದುವು. ಆದರೆ ಅವುಗಳ ಹೊಟ್ಟೆ ಚಿಕ್ಕದು.

ಇದ್ದಲು ಏಕೆ ಬೇಕು? ಅದಿರಿನಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಬೆರೆತು ಕುಳಿತಿರುತ್ತದೆ. ಇದ್ದಲಿನ ಇಂಗಾಲ ಅಲ್ಲಿ ಎರಡು ಕೆಲಸಗಳನ್ನು ಮಾಡುತ್ತದೆ. ಉರಿದು ಶಾಖ ಕೊಡುವುದು ಒಂದು. ಆಮ್ಲಜನಕವನ್ನು ತನ್ನೊಡನೆ ಸೆಳೆದುಕೊಂಡು ಕಬ್ಬಿಣವನ್ನು ಬಿಡಿಸುವುದು ಇನ್ನೊಂದು. ಇತರ ದೇಶಗಳ ದೊಡ್ಡ ಕಾರ್ಖಾನೆಗಳು ಈ ಕೆಲಸಕ್ಕೆ ಕಲ್ಲಿದ್ದಲಿನಿಂದಾದ ಕೋಕನ್ನು ಬಳಸುತ್ತಿದ್ದುವು. ಮೈಸೂರು ಸಂಸ್ಥಾನದಲ್ಲಿ ಕೆಮ್ಮಣ್ಣುಗುಂಡಿಯ ಅದಿರಿತ್ತು, ಸುಣ್ಣಕಲ್ಲಿತ್ತು, ಮಲೆನಾಡಿನ ಕಾಡಿತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ.

ಆದ್ದರಿಂದ ಸೌದೆಯ ಇದ್ದಲಿನಿಂದಲೇ ಕಬ್ಬಿಣ ತೆಗೆಯುವುದೆಂದು ತೀರ್ಮಾನವಾಯಿತು. 1912ರಿಂದ 1918ರ ವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಈ ಯೋಜನೆಗೆ ಒತ್ತಾಸೆಯಾಗಿ ನಿಂತರು. ಅಮೆರಿಕದ ಎಂಜಿನಿಯರು ಚಾರ್ಲ್ಸ್ ಪೇಜ್ ಪೆರಿನ್ ಸಲಹೆಗಾರನಾದನು. ಕಾರ್ಖಾನೆಗೆ ಇಟ್ಟ ಹೆಸರಿನಲ್ಲಿಯೇ ಅದರ ಆಶಯ ಅಡಗಿತ್ತು: ಮೈಸೂರು ಮರದ ಬಟ್ಟಿ ಮತ್ತು ಕಬ್ಬಿಣದ ಕಾರ್ಖಾನೆ.

ಮರದ ಬಟ್ಟಿ ಎಂದರೇನು? ಕಾಡಿನಲ್ಲಿ ಸೌದೆಯನ್ನು ಮಣ್ಣು ಮುಚ್ಚಿ ಸುಟ್ಟರೆ ಇದ್ದಲು ಉಳಿಯುತ್ತದೆ, ಉಳಿದುದೆಲ್ಲ ಹೊಗೆಯಾಗಿ ಹಾಳಾಗುತ್ತದೆ. ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿ ಕಾಯಿಸಿದರೆ ಆ ಹೊಗೆಯನ್ನು ತಣಿಸಿ ಹಿಡಿಯಬಹುದು. ಅದರಿಂದ ಮರದ ಮದ್ಯಸಾರ, ಸುಣ್ಣದ ಅಸಿಟೇಟು, ಡಾಂಬರು ದೊರೆಯುತ್ತವೆ. ಸೌದೆಯ ಒಂದು ಅಂಶವೂ ವ್ಯರ್ಥವಾಗಬಾರದು, ಹೊಗೆ ಮಾರಿ ಬಂದ ಹಣ ಕಬ್ಬಿಣದ ವೆಚ್ಚವನ್ನು ಇಳಿಸಬೇಕು ಎಂಬುದು ಲೆಕ್ಕಾಚಾರ. ಇದ್ದಲಿನಲ್ಲಿ ಗಂಧಕ ಬಹಳ ಕಡಮೆಯಾದ್ದರಿಂದ ಕಬ್ಬಿಣವೂ ಉತ್ತಮವಾಗಿತ್ತು.

ಆದರೆ ಕಾಲ ಅನುಕೂಲವಾಗಿರಲಿಲ್ಲ. ಯುದ್ಧಕಾಲದಲ್ಲಿ ಏರಿದ್ದ ಕಬ್ಬಿಣದ ಬೆಲೆ ಅನಂತರ ಕುಸಿಯಿತು. ಇಲ್ಲಿ ಕುಲುಮೆ ಹೊತ್ತಿದ 1923ರಲ್ಲಿಯೇ ಜರ್ಮನಿಯ ಲೊಯ್ನಾ ಎಂಬಲ್ಲಿ, ಮರದ ಹಂಗಿಲ್ಲದೆ ಅನಿಲಗಳಿಂದಲೇ ಅದೇ ಮದ್ಯಸಾರವನ್ನು ತಯಾರಿಸತೊಡಗಿದರು. ಮರದ ಬಟ್ಟಿಯ ಉದ್ಯಮಕ್ಕೆ ಜಗತ್ತಿನಲ್ಲೆಲ್ಲ ಪೆಟ್ಟು ಬಿತ್ತು. ನಷ್ಟದಲ್ಲಿದ್ದ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು 1923ರಲ್ಲಿ ವಿಶ್ವೇಶ್ವರಯ್ಯನವರು ವಹಿಸಿಕೊಂಡು 1929ರ ವರೆಗೆ ನಡೆಸಿದರು. ವೆಚ್ಚವನ್ನು ಬಿಗಿಹಿಡಿದರು, ಸ್ಥಳೀಯರನ್ನು ಕೆಲಸದಲ್ಲಿ ತರಬೇತುಗೊಳಿಸಿದರು. ಮುಂದೆ ಉಕ್ಕು, ಸಿಮೆಂಟುಗಳ ವಿಭಾಗಗಳೂ ಸೇರಿದುವು. ಸಾವಿರಾರು ಸಂಸಾರಗಳ ಒಲೆ ಉರಿದದ್ದು ಈ ಕುಲುಮೆಯಿಂದ.

ಲೆಕ್ಕದ ಇನ್ನೊಂದು ಪುಟವನ್ನೂ ನೋಡಬೇಕು. ಹೀಗೆ ಒಂದು ಟನ್ ಬೀಡು ಕಬ್ಬಿಣ ತೆಗೆಯಲು ಹೆಚ್ಚು ಕಡಮೆ ಒಂದು ಟನ್ ಇದ್ದಲು ಬೇಕು. ಒಣಸೌದೆಯ ತೂಕದಲ್ಲಿ ಇದ್ದಲಾಗಿ ಉಳಿಯುವುದು ಕಾಲು ಭಾಗದಿಂದ ಮೂರರಲ್ಲೊಂದು ಭಾಗ. ಎಂದರೆ ಟನ್ ಕಬ್ಬಿಣಕ್ಕೆ ಮೂರು ನಾಲ್ಕು ಟನ್ ಸೌದೆ. ಕಡಿದಷ್ಟು ಮರ ಅಷ್ಟೇ ಕಾಲದಲ್ಲಿ ಮತ್ತೆ ಬೆಳೆದರೆ ಇದು ಬಡ್ಡಿಯಲ್ಲಿ ಬಾಳುವ ಸಂಸಾರ. ಬೆಳೆಯದಿದ್ದರೆ ಅಸಲನ್ನೇ ತಿನ್ನುವ ಸಂಸಾರ. ಹೊಗೆಯನ್ನು ಹಿಡಿದ ಜಾಣತನ ಸೌದೆಯ ಬೆಲೆಯನ್ನು ಹೆಚ್ಚಿಸಿತೇ ಹೊರತು ಕಾಡನ್ನು ಮರಳಿ ಬೆಳೆಸಲಾರದು.

ಎರಡನೆಯ ಉತ್ತರ ಜೋಗದಿಂದ ಬಂತು. ಶರಾವತಿಯ ವಿದ್ಯುತ್ತು 1948ರಲ್ಲಿ ಹರಿಯತೊಡಗಿತು. 1952ರಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಕೆಲಸ ತೊಡಗಿದುವು. ಶಾಖವನ್ನು ವಿದ್ಯುತ್ತು ಕೊಟ್ಟಿತು. ಇಂಗಾಲಕ್ಕೆ ಉಳಿದದ್ದು ಆಮ್ಲಜನಕವನ್ನು ಸೆಳೆಯುವ ಒಂದೇ ಕೆಲಸ. ಇಂತಹ ಕುಲುಮೆಗೆ ಬೇಕಾಗುವ ಇಂಗಾಲ ಮೊದಲಿನ ಬಗೆಯದಕ್ಕಿಂತ ಸುಮಾರು ಅರ್ಧದಷ್ಟು.

ಉಳಿದ ಆ ಒಂದು ಕೆಲಸದಿಂದಲೂ ಇಂಗಾಲವನ್ನು ಬಿಡಿಸುವುದೇ ಇಂದಿನ ಲೋಹವಿಜ್ಞಾನಿಗಳ ಸಾಹಸ. ಮನುಷ್ಯರು ಆಕಾಶಕ್ಕೆ ಬಿಡುವ ಇಂಗಾಲಾಮ್ಲದಲ್ಲಿ 100ಕ್ಕೆ ಸುಮಾರು 7ರಷ್ಟು ಕಬ್ಬಿಣ ಮತ್ತು ಉಕ್ಕಿನ ಉದ್ಯಮದ್ದು. ಸ್ವೀಡನ್ನಿನ ಲುಲಿಯೋ ಪಟ್ಟಣದಲ್ಲಿ 2020ರಲ್ಲಿ ಆರಂಭವಾದ ಪ್ರಯೋಗಶಾಲಾ ಕಾರ್ಖಾನೆಯಲ್ಲಿ ಇಂಗಾಲದ ಬದಲು ಜಲಜನಕವನ್ನು ಬಳಸಿ ಅದಿರಿನಿಂದ ಕಬ್ಬಿಣ ತೆಗೆದರು. ಅಲ್ಲಿ ಹೊಗೆಯ ಬದಲು ಹೊರಬರುವುದು ನೀರಾವಿ. ಬ್ರಜಿಲ್ ದೇಶದವರು ನೀಲಗಿರಿ ಮರದ ತೋಪುಗಳನ್ನು ಬೆಳೆಸಿ, ಅವುಗಳ ಇದ್ದಲಿನಿಂದ ಇಂದಿಗೂ ಬೀಡು ಕಬ್ಬಿಣ ಮಾಡುತ್ತಾರೆ. ಭದ್ರಾವತಿಯ ಎರಡು ದಾರಿಗಳೂ ಹೀಗೆ ಲೋಕದಲ್ಲಿ ಮುಂದುವರಿದಿವೆ.

ಭದ್ರಾವತಿಯ ಪಾಡು ಬೇರೆಯಾಯಿತು. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಕಾರ್ಖಾನೆ 1998ರಲ್ಲಿ ಭಾರತ ಉಕ್ಕು ಪ್ರಾಧಿಕಾರದಲ್ಲಿ ಲೀನವಾಯಿತು. ಕುಲುಮೆ ಹೊತ್ತಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿಯೇ ಅದನ್ನು ಮುಚ್ಚುವ ನಿರ್ಣಯ ಹೊರಬಿತ್ತು. ಕಾರ್ಮಿಕರು ಹೋರಾಡಿದರು, ಅದೇ ವರ್ಷ ಸರಳುಗಳನ್ನು ಎಳೆಯುವ ವಿಭಾಗದ ಕೆಲಸ ಮತ್ತೆ ತೊಡಗಿತು.

ಈ ಕಾರ್ಖಾನೆಯ ಚರಿತ್ರೆಯನ್ನು ಲಾಭನಷ್ಟದ ಪುಸ್ತಕದಿಂದ ಮಾತ್ರ ಓದುವುದು ಸಾಲದು. ಕಲ್ಲಿದ್ದಲಿಲ್ಲದ ನಾಡು ತನ್ನಲ್ಲಿರುವುದರಿಂದಲೇ ಕಬ್ಬಿಣ ಮಾಡಲು ಹೊರಟಿತು, ಹೊಗೆಯನ್ನೂ ಬಿಡದೆ ಹಿಡಿಯಿತು, ಕಾಡಿನ ಹೊರೆಯನ್ನು ಹೊಳೆಯ ಹೆಗಲಿಗೆ ಬದಲಾಯಿಸಿತು. ಮುಂದೆ ಯಾರಾದರೂ ಅಲ್ಲಿ ಹೊಸ ಕುಲುಮೆ ಹೊತ್ತಿಸುವುದಾದರೆ, ಅದಿರು ಎಷ್ಟಿದೆ ಎಂದು ಕೇಳುವ ಮೊದಲು, ಬೆಂಕಿಗೆ ಹಾಕಿದ್ದನ್ನು ಮತ್ತೆ ತುಂಬಿಕೊಡುವವರು ಯಾರು ಎಂದು ಕೇಳಬೇಕು. ಊರಿನ ಸಂಸಾರಗಳೂ ಮಲೆನಾಡಿನ ಕಾಡೂ ಒಟ್ಟಿಗೆ ಉಳಿಯಲು ಆ ಉತ್ತರ ಅಗತ್ಯ.